ಲೈನ್ ಕಟ್ ಮಾಡಿದ ನನ್ನ ಸೊಸೆ

ನನ್ನ ಸೊಸೆ ಏನು ಕೆಲಸ ಮಾಡುತ್ತಾಳೆ ಅಂತ ಯಾರಾದರೂ ಕೇಳಿದರೆ ನಾನು ಒಂದೇ ಮಾತಿನಲ್ಲಿ ಮುಗಿಸುವುದಿಲ್ಲ. "ಮನೆಗೆ ಬೆಂಕಿ ಬಿದ್ದಾಗ, ರಸ್ತೆಯಲ್ಲಿ ಗಾಡಿ ಮಗುಚಿದಾಗ, ಯಾರಿಗಾದರೂ ಎದೆನೋವು ಬಂದಾಗ ಕೈಕಾಲು ಆಡದೆ ತುರ್ತು ನಂಬರ್ ಒತ್ತುತ್ತೀರಲ್ಲ, ಆಗ ಆ ಕಡೆಯಿಂದ 'ಹೇಳಿ, ಏನಾಯ್ತು?' ಅನ್ನುವ ದನಿ ಬರುತ್ತಲ್ಲ, ಅದು ನಮ್ಮನೆ ದನಿ" ಅನ್ನುತ್ತೇನೆ. ಗ್ಯಾಸ್ ಸಿಲಿಂಡರ್ ತರುವವನಿಗೂ ಹೇಳಿದ್ದೇನೆ. ಹಲ್ಲಿನ ಡಾಕ್ಟರಿಗೆ ಬಾಯಿ ತೆರೆದುಕೊಂಡೇ ಹೇಳಿದ್ದೇನೆ. "ಅಮ್ಮ, ಸ್ವಲ್ಪ ಬ್ರೇಕ್ ಹಾಕು" ಅಂತ ಮಗ ಗೋಗರೆಯುತ್ತಾನೆ. ಹಾಕುವುದಿಲ್ಲ. ಈ ವಯಸ್ಸಿನಲ್ಲಿ ಜಂಬ ಪಡದೆ ಇನ್ಯಾವಾಗ ಪಡಲಿ?

ನಾನೂ ಫೋನಿನ ಮುಂದೆಯೇ ಆಯುಷ್ಯ ಸವೆಸಿದವಳು. ಟ್ರಂಕ್ ಕಾಲ್ ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು, ಕಿವಿಗೆ ಕಬ್ಬಿಣದ ಬಳೆಯಂಥ ಹೆಡ್‌ಫೋನ್ ಸಿಕ್ಕಿಸಿಕೊಂಡು, ಈ ಊರಿನ ವೈರನ್ನು ಆ ಊರಿನ ತೂತಿಗೆ ಚುಚ್ಚುತ್ತಿದ್ದೆ. ಬರೀ ಕಿವಿಯಿಂದ ಮನುಷ್ಯರನ್ನು ಅಳೆಯುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಹಾಗಾಗಿ ನನ್ನ ಹೊಗಳಿಕೆಯನ್ನು ಅತ್ತೆಯ ಹೊಗಳಿಕೆ ಅಂತ ತಳ್ಳಿಹಾಕಬೇಡಿ. ಕಸುಬು ಬಲ್ಲವಳು ಹೇಳುತ್ತಿದ್ದೇನೆ ಅಂದುಕೊಳ್ಳಿ.

ಅವಳು ನಮ್ಮ ಮನೆಗೆ ಬಂದದ್ದೇ ಕರೆಂಟ್ ಹೋದದ್ದರಿಂದ. ಆಗ ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂರುತ್ತಿದ್ದಳು. ನನ್ನ ಮಗ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ನಿಲ್ದಾಣದಲ್ಲಿ ಪದೇ ಪದೇ ಕರೆಂಟ್ ಹೋಗುತ್ತಿತ್ತು, ಅವಳು ಪದೇ ಪದೇ ದೂರು ಕೊಡುತ್ತಿದ್ದಳು, ಇವನು ಪದೇ ಪದೇ ಏಣಿ ಹೊತ್ತುಕೊಂಡು ಹೋಗುತ್ತಿದ್ದ. ಕೊನೆಕೊನೆಗೆ ಕರೆಂಟ್ ಇದ್ದಾಗಲೂ ಹೋಗಲು ಶುರು ಮಾಡಿದ. ಆಮೇಲೆ ನಾನೇ ಹೋಗಿ ಮಾತಾಡಿ ಮುಗಿಸಿದೆ.

ಅವಳ ಅಪ್ಪ ಗಡಿಯಾರ ರಿಪೇರಿಯವರು. ಮಾತು ತೊದಲುತ್ತಿತ್ತು. ಒಂದು ಪದದ ಮೊದಲ ಅಕ್ಷರ ಹಿಡಿದುಕೊಂಡು ಎಷ್ಟೋ ಹೊತ್ತು ಒದ್ದಾಡುತ್ತಿದ್ದರು. ಹೊರಗಿನವರೆಲ್ಲ ಅವರ ಮಾತನ್ನು ತಾವೇ ಮುಗಿಸಿಬಿಡುತ್ತಿದ್ದರು. ಮನೆಯಲ್ಲಿ ಮಾತ್ರ ಯಾರೂ ಹಾಗೆ ಮಾಡುವಂತಿರಲಿಲ್ಲ. ಅವರು ಮುಗಿಸುವ ತನಕ ಕಾಯಬೇಕು, ಮುಖದಲ್ಲಿ ಅವಸರ ತೋರಿಸಬಾರದು. ಹಾಗೆ ಕಾದು ಕಾದು ಬೆಳೆದವಳು ಇವಳು. ಮದುವೆಯಾದ ಹೊಸದರಲ್ಲಿ ನಾನು ಏನಾದರೂ ಹೇಳುತ್ತಾ ಮಧ್ಯೆ ಮರೆತು ನಿಲ್ಲಿಸಿದರೆ, ತಿರುಗಿ ನೋಡಿದಾಗಲೂ ಅಲ್ಲೇ ನಿಂತಿರುತ್ತಿದ್ದಳು, ಕೈಯಲ್ಲಿ ಪಾತ್ರೆ ಹಿಡಿದುಕೊಂಡು, ಮುಂದಿನ ಮಾತಿಗೆ. ನನಗೇ ಮುಜುಗರವಾಗಿ ಏನೋ ಒಂದು ಸೇರಿಸಿ ಮುಗಿಸುತ್ತಿದ್ದೆ.

ತುರ್ತು ಕರೆಯ ಕಂಟ್ರೋಲ್ ರೂಮಿಗೆ ಆಪರೇಟರ್‌ಗಳು ಬೇಕಾಗಿದ್ದಾರೆ ಅಂತ ಪೇಪರಿನಲ್ಲಿ ಬಂದದ್ದನ್ನು ತೋರಿಸಿದವಳು ನಾನು. ಪರೀಕ್ಷೆ ಬರೆದಳು, ಪಾಸಾದಳು, ಹೋಗಿ ಕೂತಳು. ಅದೊಂದು ಉದ್ದನೆಯ ಹಾಲ್. ಕಿಟಕಿಗೆಲ್ಲ ದಪ್ಪ ಪರದೆ. ಕಂಪ್ಯೂಟರುಗಳಿಗೋಸ್ಕರ ಏಸಿ ಎಷ್ಟು ಜೋರಾಗಿರುತ್ತದೆಂದರೆ ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಒಳಗೆ ಎಲ್ಲರೂ ಸ್ವೆಟರ್ ಹಾಕಿಕೊಂಡಿರುತ್ತಾರೆ. ಕರೆ ಬಂದ ಕೂಡಲೇ ಏನು ಅಂತ ಕೇಳಬೇಕು, ಅದೇ ಉಸಿರಲ್ಲಿ ಎಲ್ಲಿ ಅಂತ. ಕಿವಿ ಕೇಳುತ್ತಿರಬೇಕು, ಬಾಯಿ ಸಮಾಧಾನ ಹೇಳುತ್ತಿರಬೇಕು, ಕೈ ಟೈಪ್ ಮಾಡುತ್ತಿರಬೇಕು. ಗಾಜಿನ ಗೋಡೆಯ ಆಚೆ ಪೊಲೀಸರು ವೈರ್‌ಲೆಸ್ ಹಿಡಿದು ಕೂತಿರುತ್ತಾರೆ. ಇವಳು ಟೈಪ್ ಮಾಡಿದ್ದು ಅವರ ಪರದೆಯಲ್ಲಿ ಮೂಡುತ್ತದೆ, ಜೀಪು ಹೊರಡುತ್ತದೆ.

ಬರುವ ಕರೆಗಳೆಲ್ಲ ಗಂಭೀರ ಅಂದುಕೊಳ್ಳಬೇಡಿ. ಕುಡಿದವನು ಹೆಂಡತಿ ಬಾಗಿಲು ತೆಗೆಯುತ್ತಿಲ್ಲ ಅಂತ ದೂರುತ್ತಾನೆ. ಒಬ್ಬಜ್ಜಿ ದಿನಾ ಟೈಮ್ ಕೇಳಲು ಮಾಡುತ್ತಿದ್ದರು. ಮಕ್ಕಳು ಹಳೇ ಫೋನ್ ಇಟ್ಟುಕೊಂಡು ಆಡುತ್ತಾ ಒತ್ತಿಬಿಡುತ್ತವೆ. ಇವುಗಳ ನಡುವೆ ನಿಜವಾದದ್ದು ಬರುತ್ತದೆ. ಒಮ್ಮೆ ಒಬ್ಬ ಮುದುಕರು ಇವಳ ಜೊತೆ ಮಾತಾಡುತ್ತಲೇ ಹೋಗಿಬಿಟ್ಟರು. ಆಂಬುಲೆನ್ಸಿನವರು ಬಾಗಿಲು ತಟ್ಟುವುದು ಇವಳಿಗೆ ಫೋನಿನಲ್ಲಿ ಕೇಳಿಸುತ್ತಿತ್ತು, ತೆಗೆಯುವವರು ಇರಲಿಲ್ಲ. ಆ ಸಂಜೆ ಮನೆಗೆ ಬಂದು ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಮತ್ತೆ ತೊಳೆದಳು. ನಾನು ಪಕ್ಕದಲ್ಲಿ ನಿಂತು ಒರೆಸಿದೆ.

ಈಗ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ನಾನು ಹೇಳುವುದು ಅವರಿವರ ಬಾಯಿಂದ ಕೇಳಿದ್ದಲ್ಲ. ಆ ಕರೆಯ ರೆಕಾರ್ಡಿಂಗನ್ನು ಈಗ ಹೊಸ ಆಪರೇಟರ್‌ಗಳಿಗೆ ಪಾಠವಾಗಿ ಕೇಳಿಸುತ್ತಾರೆ. ಕರೆ ಕಟ್ಟಾದರೂ ಆ ಸೀಟಿನಲ್ಲಿ ಆಡಿದ ಮಾತೆಲ್ಲ ಅದರಲ್ಲಿ ಇರುತ್ತದೆ. ಒಂದು ಸಲ ನನ್ನನ್ನೂ ಮಗನನ್ನೂ ಕರೆದು ಕೂರಿಸಿದ್ದರು.

ಮಧ್ಯಾಹ್ನದ ಪಾಳಿ. ಊಟ ಮುಗಿಸಿ ಎಲ್ಲರೂ ಸ್ವಲ್ಪ ಮಂಪರಿನಲ್ಲಿದ್ದ ಹೊತ್ತು. ಇವಳ ಪರದೆಯಲ್ಲಿ ನಂಬರ್ ಇರಬೇಕಾದ ಜಾಗದಲ್ಲಿ ಸೊನ್ನೆಗಳ ಸಾಲು ಬಂತು. ಅಂದರೆ ಸಿಮ್ ಇಲ್ಲದ ಫೋನು. ಸಿಮ್ ಇಲ್ಲದಿದ್ದರೂ ತುರ್ತು ನಂಬರಿಗೆ ಕರೆ ಹೋಗುತ್ತದೆ, ಆದರೆ ನಾವು ತಿರುಗಿ ಮಾಡಲು ಆಗುವುದಿಲ್ಲ. ಇಂಥ ಕರೆಗಳು ಬಹುಪಾಲು ಮಕ್ಕಳಾಟವೇ. ಎರಡು ಸಲ "ಹಲೋ" ಅಂದು ಉತ್ತರ ಬರದಿದ್ದರೆ ಇಟ್ಟುಬಿಡುವುದು ರೂಢಿ.

"ಹೇಳಿ, ಏನಾಯ್ತು?"

ಉತ್ತರ ಇಲ್ಲ. ದೂರದಲ್ಲೆಲ್ಲೋ ಟೀವಿಯಲ್ಲಿ ಆಟದ ಮ್ಯಾಚಿನ ಗಲಾಟೆ. ಹತ್ತಿರದಲ್ಲಿ ಉಸಿರು.

"ಹಲೋ, ಹೇಳಿ."

ಇಲ್ಲ. ಬೇರೆ ಯಾರಾಗಿದ್ದರೂ ಇಟ್ಟುಬಿಡುತ್ತಿದ್ದರು. ಇವಳು ಕಾದಳು. ರೆಕಾರ್ಡಿಂಗಿನಲ್ಲಿ ಆ ಮೌನ ಎಷ್ಟು ಉದ್ದ ಇದೆಯೆಂದರೆ, ಯಂತ್ರ ಕೆಟ್ಟಿತೇನೋ ಅಂತ ನಾನು ಕತ್ತೆತ್ತಿ ನೋಡಿದೆ.

"ಮಾತಾಡೋಕೆ ಆಗ್ತಿಲ್ವಾ? ಪರವಾಗಿಲ್ಲ, ನಾನು ಇಲ್ಲೇ ಇರ್ತೀನಿ. ಪಕ್ಕದಲ್ಲಿ ಯಾರಾದ್ರೂ ಇದ್ರೆ ಫೋನಿನ ಮೇಲೆ ಉಗುರಲ್ಲಿ ಒಂದು ಸಲ ತಟ್ಟಿದ್ರೆ ಸಾಕು."

ಟಕ್.

ಇವಳು ಕೂತಲ್ಲೇ ನೆಟ್ಟಗಾದಳು. ಕೈ ಎತ್ತಿ ಸೂಪರ್‌ವೈಸರನ್ನು ಕರೆದಳು. ಅವರನ್ನು ಎಲ್ಲರೂ ಫ್ಲಾಸ್ಕ್ ಸರ್ ಅನ್ನುತ್ತಾರೆ, ಟೀ ಫ್ಲಾಸ್ಕ್ ಇಲ್ಲದೆ ಅವರು ಹೆಜ್ಜೆ ಇಡುವುದಿಲ್ಲ. ಫ್ಲಾಸ್ಕಿನ ಸಮೇತ ಬಂದು ಇನ್ನೊಂದು ಹೆಡ್‌ಫೋನ್ ಹಾಕಿಕೊಂಡರು.

ಸ್ವಲ್ಪ ಹೊತ್ತಿಗೆ ಪಿಸುಮಾತು ಬಂತು. "ಹೋದ. ಅಕ್ಕ, ನನ್ನನ್ನ ಕೂಡಿ ಹಾಕಿದಾರೆ."

ಹುಡುಗಿಗೆ ಹದಿನಾರು ವರ್ಷ. ಬೆಳಗ್ಗೆ ಟ್ಯೂಷನ್ನಿಗೆ ಹೊರಟಿದ್ದಾಗ ಒಂದು ವ್ಯಾನ್ ನಿಂತು, "ನಿಮ್ಮಮ್ಮನಿಗೆ ಆಕ್ಸಿಡೆಂಟ್ ಆಗಿದೆ, ಬಾ" ಅಂದರಂತೆ. ಹತ್ತಿದಳು. ಕಣ್ಣಿಗೆ ಬಟ್ಟೆ ಕಟ್ಟಿದರು. ಅವಳ ಅಮ್ಮ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು. ಅಂಗಡಿಯ ಮುಂದೆಯೇ ಒಬ್ಬನನ್ನು ಹೊಡೆದು ಕೊಂದದ್ದನ್ನು ಕಣ್ಣಾರೆ ಕಂಡು, ಹೊಡೆದವನ ಹೆಸರು ಹಿಡಿದು ಪೊಲೀಸರಿಗೆ ಹೇಳಿದ್ದರು. ಎರಡು ದಿನ ಬಿಟ್ಟು ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಿತ್ತು. "ಕೋರ್ಟಿಗೆ ಹೋದ್ರೂ ಮಗಳು ಬರಲ್ಲ, ಪೊಲೀಸರ ಹತ್ರ ಹೋದ್ರೂ ಬರಲ್ಲ" ಅಂತ ಅವರಿಗೆ ಫೋನ್ ಹೋಗಿತ್ತು. ಆ ತಾಯಿ ಯಾರಿಗೂ ಹೇಳದೆ, ಅಂಗಡಿಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಇದೆಲ್ಲ ನಮಗೆ ಆಮೇಲೆ ಗೊತ್ತಾದದ್ದು.

"ಎಲ್ಲಿದೀಯ ಅಂತ ಏನಾದ್ರೂ ಗೊತ್ತಾಗುತ್ತಾ ಪುಟ್ಟಾ? ಕಿಟಕಿ ಇದೆಯಾ?"

"ಇಲ್ಲ ಅಕ್ಕ. ಮೆಟ್ಟಿಲು ಹತ್ತಿಸಿದ್ರು. ರಟ್ಟಿನ ಡಬ್ಬ ತುಂಬಾ ಹಳೇ ಸಾಮಾನು. ಅದ್ರಲ್ಲೇ ಈ ಫೋನ್ ಸಿಕ್ತು, ಚಾರ್ಜರ್ ಕೂಡ."

"ಚಾರ್ಜ್ ಎಷ್ಟಿದೆ?"

"ಬ್ಯಾಟರಿನೇ ಸತ್ತೋಗಿದೆ ಅಕ್ಕ. ವೈರ್ ಚುಚ್ಚಿದ್ರೆ ಮಾತ್ರ ಓಡುತ್ತೆ. ಸ್ವಲ್ಪ ಅಲ್ಲಾಡಿದ್ರೂ ಆಫ್ ಆಗುತ್ತೆ. ಆಗ್ಲೇ ಮೂರು ಸಲ ಆಫ್ ಆಯ್ತು."

ಅಷ್ಟರಲ್ಲಿ ಪೊಲೀಸರ ಕಡೆಯ ಇನ್ಸ್‌ಪೆಕ್ಟರ್ ಮೇಡಂ ಗಾಜಿನ ಬಾಗಿಲು ತಳ್ಳಿಕೊಂಡು ಬಂದರು. ಕರೆ ಯಾವ ಟವರಿನಿಂದ ಬರುತ್ತಿದೆ ಅಂತ ಗೊತ್ತಾಗಿತ್ತು, ಅಷ್ಟೇ. ಆ ಟವರಿನ ಕೆಳಗೆ ಹಳೇ ಕಾರ್ಖಾನೆಗಳ ಬಡಾವಣೆ. ವರ್ಕ್‌ಶಾಪುಗಳು, ಗೋಡೌನುಗಳು, ಅವುಗಳ ಮೇಲೆ ಬಾಡಿಗೆ ಮನೆಗಳು, ಒಂದಕ್ಕೊಂದು ಅಂಟಿಕೊಂಡ ಸಾವಿರಾರು ಬಾಗಿಲು. ಪ್ರತಿ ಬಾಗಿಲು ತಟ್ಟುತ್ತಾ ಹೋದರೆ ಸುದ್ದಿ ಪೊಲೀಸರಿಗಿಂತ ಮುಂದೆ ಓಡುತ್ತದೆ. ಅವಳನ್ನು ಅಲ್ಲಿಂದ ಸಾಗಿಸಿಬಿಡುತ್ತಾರೆ, ಇಲ್ಲವೇ ಇನ್ನೂ ಕೆಟ್ಟದ್ದು ಮಾಡುತ್ತಾರೆ.

ಇಲ್ಲಿ ನನ್ನ ಸೊಸೆಗೆ ಊಟದ ಹೊತ್ತಿನ ಮಾತು ನೆನಪಾಯಿತು. ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಲೈನ್, ಕಂಬ, ಫ್ಯೂಸು ಇದೇ ಪುರಾಣ. ಮಗ ಕೈಯಲ್ಲಿ ತುತ್ತು ಹಿಡಿದುಕೊಂಡೇ ಹೇಳುತ್ತಿರುತ್ತಾನೆ: ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗದಿದ್ದರೆ ಒಂದೊಂದೇ ಲೈನ್ ಬಿಡಿಸಿ ನೋಡುತ್ತೇವೆ, ಹೀಗೆ ಬಿಡಿಸುತ್ತಾ ಬಿಡಿಸುತ್ತಾ ಒಂದು ಕಂಬಕ್ಕೆ ಬಂದು ನಿಲ್ಲುತ್ತೇವೆ ಅಂತ. ನನಗೆ ಆಕಳಿಕೆ ಬರುತ್ತದೆ. ಅವಳು ಕೇಳಿಸಿಕೊಂಡಿರುತ್ತಾಳೆ.

ಹುಡುಗಿಗೆ "ಒಂದು ನಿಮಿಷ" ಅಂದು, ತನ್ನ ದನಿ ಆ ಕಡೆ ಹೋಗದಂತೆ ಗುಂಡಿ ಒತ್ತಿ ಅಂದಳು: "ಸರ್, ಕರೆಂಟ್ ಹೋದ್ರೆ ಅವಳ ಫೋನ್ ಆಫ್ ಆಗುತ್ತೆ. ಆ ಏರಿಯಾದ ಲೈನುಗಳನ್ನ ಒಂದೊಂದಾಗಿ ತೆಗೆಸೋಣ. ಯಾವ ಲೈನ್ ತೆಗೆದಾಗ ಕರೆ ಕಟ್ ಆಗುತ್ತೋ ಆ ಲೈನಲ್ಲಿ ಅವಳಿದಾಳೆ."

ಫ್ಲಾಸ್ಕ್ ಸರ್ ಬೆವರಿಬಿಟ್ಟರಂತೆ, ಆ ಚಳಿಯಲ್ಲೂ. "ಏನಮ್ಮಾ ಹೇಳ್ತಿದೀಯ? ಇರೋದು ಇದೊಂದು ಕರೆ. ಇದನ್ನೂ ನಾವೇ ಕಟ್ ಮಾಡೋದಾ? ಅವಳಿಗೆ ಮತ್ತೆ ಮಾಡೋಕೆ ಆಗದಿದ್ರೆ? ನಾವಂತೂ ತಿರುಗಿ ಮಾಡೋಕೆ ಆಗಲ್ಲ."

"ಗೊತ್ತು ಸರ್. ಆದ್ರೆ ಬರೀ ಮಾತಾಡ್ತಾ ಕೂತ್ರೆ ಸಂಜೆವರೆಗೂ ಮಾತಾಡ್ತಾನೇ ಇರ್ತೀವಿ. ಅವಳು ಎಲ್ಲಿದಾಳೆ ಅಂತ ಗೊತ್ತಾಗಲ್ಲ."

"ಕರೆಂಟ್ ಪದೇ ಪದೇ ಹೋದ್ರೆ ಅವರಿಗೆ ಅನುಮಾನ ಬರಲ್ವಾ?" ಅಂದರು ಇನ್ಸ್‌ಪೆಕ್ಟರ್ ಮೇಡಂ.

"ಮೇಡಂ, ಕರೆಂಟ್ ಹೋದ್ರೆ ಯಾರೂ ಅನುಮಾನ ಪಡಲ್ಲ. ಇಲಾಖೆಗೆ ಬೈತಾರೆ ಅಷ್ಟೆ. ನಮ್ಮನೆಯವರು ದಿನಾ ಬೈಸ್ಕೊಂಡು ಬರ್ತಾರೆ."

ರೆಕಾರ್ಡಿಂಗಿನಲ್ಲಿ ಇದನ್ನು ಕೇಳಿ ಹೊಸ ಆಪರೇಟರ್‌ಗಳೆಲ್ಲ ನಕ್ಕರು. ನನ್ನ ಮಗ ತಲೆ ಕೆರೆದುಕೊಂಡ.

ವಿದ್ಯುತ್ ಇಲಾಖೆಯ ಇಂಜಿನಿಯರಿಗೆ ಫೋನ್ ಹೋಯಿತು. ಅವರು ಮೊದಲು ಒಪ್ಪಲಿಲ್ಲ. ಅಲ್ಲೊಂದು ಆಸ್ಪತ್ರೆ ಇದೆ, ಯಂತ್ರಗಳಿವೆ, ಲಿಖಿತ ಆದೇಶ ಬೇಕು ಅಂದರು. ಆಗ, ಜೀವಮಾನದಲ್ಲಿ ದನಿ ಏರಿಸದ ನಮ್ಮ ಫ್ಲಾಸ್ಕ್ ಸರ್ ಗುಡುಗಿಬಿಟ್ಟರು. "ಆದೇಶ ನಾಳೆ ಕೊಡ್ತೀನಿ, ಬೇಕಾದ್ರೆ ನನ್ನ ರಾಜೀನಾಮೆ ಜೊತೆಗೇ ಕೊಡ್ತೀನಿ! ಆಸ್ಪತ್ರೆ ಲೈನ್ ಮುಟ್ಟಬೇಡಿ, ಮಿಕ್ಕಿದ್ದನ್ನ ತೆಗೀರಿ!" ಇಂಜಿನಿಯರ್ ಒಪ್ಪಿದರು. ಅವರಿಗೂ ಆ ವಯಸ್ಸಿನ ಮಗಳಿದ್ದಾಳೆ ಅಂತ ಆಮೇಲೆ ತಿಳಿಯಿತು.

ಇನ್ನು ಉಳಿದದ್ದು ಹುಡುಗಿಗೆ ಹೇಳುವುದು. ನನ್ನ ಮಟ್ಟಿಗೆ ಇಡೀ ಕರೆಯಲ್ಲಿ ಅದೇ ಅತಿ ಕಷ್ಟದ ಭಾಗ.

"ಪುಟ್ಟಾ, ಗಮನ ಇಟ್ಟು ಕೇಳು. ನಿನ್ನನ್ನ ಹುಡುಕೋಕೆ ನಾವು ಬೇಕು ಅಂತಲೇ ಕರೆಂಟ್ ತೆಗೆಸ್ತೀವಿ. ಆಗ ನಿನ್ನ ಫೋನ್ ಆಫ್ ಆಗುತ್ತೆ."

"ಬೇಡ ಅಕ್ಕ! ಇಡ್ಬೇಡಿ. ಪ್ಲೀಸ್ ಇಡ್ಬೇಡಿ."

ಸೊಸೆ ಆ ಅಳುವನ್ನು ತಡೆಯಲಿಲ್ಲ. ಅವಳು ಅತ್ತು ಮುಗಿಸುವ ತನಕ ಕಾದಳು. ಆಮೇಲೆ ಅದೇ ದನಿಯಲ್ಲಿ ಹೇಳಿದಳು: "ನಾನು ಇಡಲ್ಲ. ಕರೆಂಟ್ ಹೋದಾಗ ಕಟ್ ಆಗುತ್ತೆ, ಕರೆಂಟ್ ಬಂದ ತಕ್ಷಣ ನೀನು ಮತ್ತೆ ಆನ್ ಮಾಡಿ ಇದೇ ನಂಬರ್ ಒತ್ತು. ಬೇರೆ ಯಾರೇ ಎತ್ತಿದ್ರೂ ಆ ಅಕ್ಕನಿಗೆ ಕೊಡಿ ಅನ್ನು, ಕೊಡ್ತಾರೆ. ಕರೆಂಟ್ ಹೋದಾಗ ಟೀವಿನೂ ನಿಲ್ಲುತ್ತೆ, ಅವನು ಎದ್ದು ಬರಬಹುದು. ಫೋನನ್ನ ಡಬ್ಬದೊಳಗೆ ತಳ್ಳಿ ಮಂಡಿ ಮೇಲೆ ತಲೆ ಇಟ್ಟು ಕೂತ್ಕೋ. ಉಸಿರೂ ಜೋರಾಗಿ ಬಿಡಬೇಡ. ಆಗುತ್ತಾ?"

"...ಆಗುತ್ತೆ."

"ಏನು ಮಾಡ್ತೀಯ, ನನಗೆ ಒಂದು ಸಲ ಹೇಳು."

ಹುಡುಗಿ ಒಪ್ಪಿಸಿದಳು. ಒಂದೂ ತಪ್ಪಿಲ್ಲದೆ.

ಮೊದಲನೇ ಲೈನ್ ತೆಗೆದರು. ಟೀವಿ ಹಾಗೇ ಕೂಗುತ್ತಿತ್ತು. ಅಲ್ಲ. ಹಾಕಿದರು. ಎರಡನೆಯದು ತೆಗೆದರು. ಅದೂ ಅಲ್ಲ. ಹಾಲಿನಲ್ಲಿ ಬಿಡುವಿದ್ದ ಆಪರೇಟರ್‌ಗಳೆಲ್ಲ ಎದ್ದು ನಿಂತಿದ್ದರಂತೆ. ಮೂರನೆಯದು ತೆಗೆದರು.

ಟೀವಿಯ ಸದ್ದು, ಹುಡುಗಿಯ ಉಸಿರು, ಎಲ್ಲ ಒಟ್ಟಿಗೆ ಮಾಯ. ಬರೀ ಬೀಪ್ ಬೀಪ್.

"ಸಿಕ್ತು" ಅಂದಳು ಸೊಸೆ. ದನಿ ಮಾತ್ರ ಹುಡುಕಿದ್ದು ಸಿಕ್ಕವಳ ದನಿಯಂತಿರಲಿಲ್ಲ. ರೆಕಾರ್ಡಿಂಗ್ ಅಂತ ಗೊತ್ತಿದ್ದರೂ, ಹುಡುಗಿ ಬದುಕಿ ಬಂದಿದ್ದಾಳೆ ಅಂತ ಗೊತ್ತಿದ್ದರೂ, ನಾನು ಮಗನ ಕೈ ಹಿಂಡಿಬಿಟ್ಟೆ.

ಕರೆಂಟನ್ನು ಕೂಡಲೇ ವಾಪಸ್ ಕೊಟ್ಟರು. ಕರೆ ಬರಲಿಲ್ಲ. ಹಳೇ ಫೋನು, ಆನ್ ಆಗಲು ಹೊತ್ತು ಬೇಕು ಅಂದರು ಯಾರೋ. ಬರಲಿಲ್ಲ. ಇವಳು ಎರಡೂ ಕೈಯನ್ನು ಹೆಡ್‌ಫೋನ್ ಮೇಲೆ ಒತ್ತಿಕೊಂಡು ಕೂತಿದ್ದಳಂತೆ. ಯಾರೂ ಹತ್ತಿರ ಹೋಗಲಿಲ್ಲ. ಬೇರೆ ಸೀಟುಗಳಿಗೆ ಕರೆಗಳು ಬರುತ್ತಲೇ ಇದ್ದವು, ಯಾರದೋ ಅಡುಗೆಮನೆಯಲ್ಲಿ ಹೊಗೆ, ಯಾರಿಗೋ ಜಾರಿ ಬಿದ್ದು ಕಾಲು ಮುರಿತ. ಆಮೇಲೆ ಹಿಂದಿನ ಸಾಲಿನಲ್ಲಿ ಒಬ್ಬಳು ಕುರ್ಚಿ ಉರುಳಿಸಿಕೊಂಡು ಎದ್ದಳು. "ಇಲ್ಲಿ! ಇಲ್ಲಿ ಬಂದ್ಲು! ಆ ಅಕ್ಕನಿಗೆ ಕೊಡಿ ಅಂತಿದಾಳೆ!"

ಕರೆ ಇವಳಿಗೆ ಬಂತು.

"ಅಕ್ಕ, ಅವನು ಟಾರ್ಚ್ ಹಾಕ್ಕೊಂಡು ಬಂದಿದ್ದ. ನೀವು ಹೇಳ್ದಂಗೇ ಕೂತಿದ್ದೆ. ಕರೆಂಟ್ ಆಫೀಸಿನವರಿಗೆ ಬೈಕೊಂಡು ಹೋದ."

"ಶಭಾಷ್ ನನ್ನ ರಾಣಿ" ಅಂದಳು ಸೊಸೆ. ಅದು ನಾನು ಅವಳಿಗೆ ಹೇಳುವ ಮಾತು. ಪರೀಕ್ಷೆ ಪಾಸಾದಾಗ ಹೇಳಿದ್ದೆ.

ಲೈನ್ ಸಿಕ್ಕಿತು, ಆದರೆ ಆ ಲೈನಿನಲ್ಲೂ ಹತ್ತಾರು ಬೀದಿ. ಇನ್ನು ಬೀದಿಗೆ ಇಳಿಯಬೇಕು, ಒಂದೊಂದೇ ಟ್ರಾನ್ಸ್‌ಫಾರ್ಮರಿನ ಫ್ಯೂಸ್ ತೆಗೆಯಬೇಕು. ಇಂಜಿನಿಯರ್ ಕೈಗೆ ಸಿಕ್ಕ ಲೈನ್‌ಮನ್‌ಗಳನ್ನೆಲ್ಲ ಅಲ್ಲಿಗೆ ಅಟ್ಟಿದರು. ನನ್ನ ಮಗ ಪಕ್ಕದ ಸೆಕ್ಷನ್ನಿನಲ್ಲಿ ಕಂಬದ ಮೇಲಿದ್ದವನು ಇಳಿದು ಓಡಿದ. ಕಂಟ್ರೋಲ್ ರೂಮಿನಿಂದ ಯಾರೋ ಹೆಂಗಸು ಹೀಗೆ ಹುಡುಕಲು ಹೇಳಿದ್ದಾಳಂತೆ ಅಂತ ಜೊತೆಯವನು ಅಂದನಂತೆ. "ಯಾರೋ ಅಲ್ಲ, ನಮ್ಮನೆಯವಳೇ" ಅಂದನಂತೆ ಇವನು. "ನಿನಗೆ ಹೇಗೆ ಗೊತ್ತು?" ಅಂದರೆ, "ಈ ಊರಲ್ಲಿ ನನ್ನ ಕೊರೆತ ಪೂರ್ತಿ ಕೇಳಿಸಿಕೊಂಡವಳು ಅವಳೊಬ್ಬಳೇ" ಅಂದನಂತೆ.

ಇನ್ಸ್‌ಪೆಕ್ಟರ್ ಮೇಡಂ ಜೀಪಿನಲ್ಲಿ ಅಲ್ಲಿಗೆ ಹೋಗಿ, ವಿದ್ಯುತ್ ಇಲಾಖೆಯ ಹಳದಿ ಹೆಲ್ಮೆಟ್ ಹಾಕಿಕೊಂಡು ಲೈನ್‌ಮನ್‌ಗಳ ಜೊತೆ ಸೇರಿದರು. ಅವರ ಹಿಂದೆ ಇನ್ನೂ ನಾಲ್ಕು ಜನ ಪೊಲೀಸರು, ಕೈಯಲ್ಲಿ ಕಟಿಂಗ್ ಪ್ಲೇಯರ್ ಹಿಡಿದು, ಅದನ್ನು ಹೇಗೆ ಹಿಡಿಯಬೇಕು ಅಂತಲೂ ಗೊತ್ತಿಲ್ಲದೆ.

ಮತ್ತೆ ಹುಡುಗಿಗೆ ಹೇಳಿದ್ದಾಯಿತು. ಈ ಸಲ ಅವಳು ಅಳಲಿಲ್ಲ. "ಸರಿ ಅಕ್ಕ, ತೆಗೆಸಿ" ಅಂದಳು, ದೊಡ್ಡವಳ ಹಾಗೆ. ಒಂದು ಟ್ರಾನ್ಸ್‌ಫಾರ್ಮರ್, ಇನ್ನೊಂದು, ಮತ್ತೊಂದು. ಜನ ಬಾಲ್ಕನಿಗೆ ಬಂದು ಲೈನ್‌ಮನ್‌ಗಳ ವಂಶವನ್ನೆಲ್ಲ ಜಾಲಾಡುತ್ತಿದ್ದರು. ಮಗ ಕೈ ಬೀಸಿ "ಆಯ್ತು ಸ್ವಾಮಿ, ಆಯ್ತು" ಅನ್ನುತ್ತಾ ಮುಂದಕ್ಕೆ ಹೋದ. ಬಣ್ಣದ ಡಬ್ಬಗಳ ಗೋಡೌನ್ ಪಕ್ಕದ ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಕಿತ್ತಾಗ ಕರೆ ಕಟ್ಟಾಯಿತು.

ಈಗ ಉಳಿದದ್ದು ಎರಡು ಬೀದಿ. ಹುಡುಗಿ ಮೂರನೇ ಸಲ ಕರೆ ಮಾಡಿದವಳು ಒಂದೇ ಉಸಿರಿಗೆ ಹೇಳಿದಳು. "ಅಕ್ಕ, ಅವನು ಫೋನಲ್ಲಿ ಯಾರಿಗೋ ವ್ಯಾನ್ ತಗೊಂಡು ಬಾ ಅಂತಿದಾನೆ. ಇಲ್ಲಿ ಕರೆಂಟೇ ನಿಲ್ತಿಲ್ಲ, ಬೇರೆ ಕಡೆ ಹೋಗೋಣ ಅಂತಿದಾನೆ."

ಇನ್ನು ಫ್ಯೂಸ್ ತೆಗೆಯುವ ಹಾಗಿಲ್ಲ. ಇನ್ನೊಂದು ಸಲ ಕತ್ತಲಾದರೆ ವ್ಯಾನ್ ಕಾಯದೆಯೇ ಹೊರಡುತ್ತಾರೆ. ಇವಳು ಪೊಲೀಸರು ಪಕ್ಕಕ್ಕೆ ತಂದಿಟ್ಟಿದ್ದ ವೈರ್‌ಲೆಸ್ಸಿನ ಕಡೆಗೆ ತಿರುಗಿ, ಬೀದಿಯಲ್ಲಿರುವ ಯಾರಾದರೂ ಕಬ್ಬಿಣದ ಕಂಬಕ್ಕೆ ಸ್ಪ್ಯಾನರಿನಿಂದ ಬಡಿಯಲಿ, ಕೆಲಸ ಮಾಡುವ ಹಾಗೆ, ಒಂದೊಂದೇ ಕಂಬಕ್ಕೆ ಅಂದಳು. ನನ್ನ ಮಗನೇ ಬಡಿದ.

"ಪುಟ್ಟಾ, ಹೊರಗೆ ಟಣ್ ಟಣ್ ಅಂತ ಕೇಳಿಸ್ತಾ?"

"ಇಲ್ಲ... ಹಾಂ, ಸ್ವಲ್ಪ. ದೂರ."

ಮುಂದಿನ ಕಂಬ.

"ಈಗ?"

"ಇನ್ನೂ ಜೋರಾಗಿದೆ."

ಅದರ ಮುಂದಿನ ಕಂಬ. ಈ ಸಲ ಹುಡುಗಿ ಹೇಳಬೇಕಾಗಲಿಲ್ಲ. ಟಣ್ ಅನ್ನುವ ಸದ್ದು ಫೋನಿನಲ್ಲಿ ನೇರವಾಗಿ ಕೇಳಿಸಿತು, ಕಿವಿಯ ಪಕ್ಕದಲ್ಲೇ ಬಡಿದ ಹಾಗೆ. ರೆಕಾರ್ಡಿಂಗಿನಲ್ಲಿ ಈಗಲೂ ಇದೆ. ಗಂಡ ಬಡಿದದ್ದು ಹೆಂಡತಿಗೆ ಕೇಳಿಸಿದ್ದು, ನಡುವೆ ಒಂದು ಮಗುವಿನ ಉಸಿರು.

"ನಿಲ್ಸಿ. ಅಲ್ಲೇ. ಆ ಕಂಬದ ಎದುರಿಗೆ ಮಹಡಿ ಇರೋ ಕಟ್ಟಡ" ಅಂದಳು ಸೊಸೆ.

ಕೆಳಗೆ ಮುಚ್ಚಿದ ಬ್ಯಾಟರಿ ಅಂಗಡಿ, ಪಕ್ಕದಲ್ಲಿ ಕಿರಿದಾದ ಮೆಟ್ಟಿಲು. ಹೆಲ್ಮೆಟ್ ಹಾಕಿದ ಇನ್ಸ್‌ಪೆಕ್ಟರ್ ಮೇಡಂ ಹತ್ತಿ ಬಾಗಿಲು ತಟ್ಟಿ, "ಕರೆಂಟ್ ಕಂಪ್ಲೇಂಟ್ ಬಂದಿತ್ತು, ಮೀಟರ್ ನೋಡ್ಬೇಕು" ಅಂದರು. ಕಾವಲಿದ್ದವನು ಬೈಯುವ ಉತ್ಸಾಹದಲ್ಲಿ ಬಾಗಿಲನ್ನು ಪೂರ್ತಿ ತೆರೆದ. "ಏನ್ರೀ ನೀವು, ಒಂದು ಮ್ಯಾಚ್ ನೋಡೋಕೆ ಬಿಡಲ್ವಲ್ರೀ..." ಮಾತು ಮುಗಿಯುವ ಮೊದಲೇ ಅವನು ನೆಲದ ಮೇಲಿದ್ದ.

ಫೋನಿನಲ್ಲಿ ಧಡಧಡ ಸದ್ದು, ಕೂಗಾಟ, ಬೀಗ ಒಡೆಯುವ ಶಬ್ದ. ಸೊಸೆ ಒಂದೇ ಸಮ ಹೇಳುತ್ತಿದ್ದಳು: "ಅದು ನಮ್ಮವರೇ, ಹೆದರ್ಬೇಡ. ನಮ್ಮವರೇ. ಹಳದಿ ಹೆಲ್ಮೆಟ್ ಹಾಕಿರೋರು ಪೊಲೀಸ್ ಮೇಡಂ. ಅವರ ಹತ್ರ ಹೋಗು." ಆಮೇಲೆ ಬೇರೆ ದನಿ ಬಂತು. "ಕಂಟ್ರೋಲ್, ಮಗು ನನ್ನ ಹತ್ರ ಇದೆ. ಏನೂ ಆಗಿಲ್ಲ. ಕೇಳಿಸ್ತಾ? ಏನೂ ಆಗಿಲ್ಲ." ಹಿಂದಿನಿಂದ ಹುಡುಗಿ "ಅಕ್ಕ" ಅಂತ ಕೂಗಿದ್ದೂ ಕೇಳುತ್ತದೆ.

ವ್ಯಾನ್ ತೆಗೆದುಕೊಂಡು ಬಂದವರು ಬೀದಿಯ ತಿರುವಿನಲ್ಲೇ ಸಿಕ್ಕಿಬಿದ್ದರು.

ಹಾಲ್ ತುಂಬಾ ಚಪ್ಪಾಳೆ. ಫ್ಲಾಸ್ಕ್ ಸರ್ ತಮ್ಮ ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸಿ ಇವಳ ಮುಂದೆ ಇಟ್ಟರು. ಅವರು ಯಾರಿಗೂ ಕೊಟ್ಟವರಲ್ಲ. ಇವಳು ಒಂದು ಗುಟುಕು ಕುಡಿದಳು. ಅಷ್ಟರಲ್ಲಿ ಪರದೆ ಮಿನುಗಿತು. "ಹೇಳಿ, ಏನಾಯ್ತು?" ಅಂದಳು. ಯಾರದೋ ತಾತ ಬಚ್ಚಲಲ್ಲಿ ಬಿದ್ದಿದ್ದರು.

ಸಂಜೆ ಗಂಡ ಹೆಂಡತಿ ಒಟ್ಟಿಗೇ ಮನೆಗೆ ಬಂದರು. ಇಬ್ಬರ ಮುಖವೂ ಜ್ವರ ಬಿಟ್ಟವರ ಮುಖದಂತಿತ್ತು. ಏನಾಯಿತು ಅಂತ ಮಗ ಹೇಳತೊಡಗಿದ, ಅವಳು ಕುರ್ಚಿಯಲ್ಲಿ ಕೂತವಳು ಹಾಗೇ ನಿದ್ದೆ ಹೋದಳು, ಚಪ್ಪಲಿಯನ್ನೂ ಬಿಡದೆ. ನಾನು ಬಗ್ಗಿ ಚಪ್ಪಲಿ ಬಿಚ್ಚಿದೆ. "ಅಮ್ಮ, ನಿನ್ನ ಮಂಡಿ..." ಅಂದ ಮಗ. "ಸುಮ್ನಿರೋ" ಅಂದೆ. ಆ ಕಾಲು ಹಿಡಿಯಲು ನನಗೆ ಯಾವ ನೋವೂ ಆಗಲಿಲ್ಲ.

ಕೆಲವು ದಿನ ಬಿಟ್ಟು ಆ ತಾಯಿ ಮಗಳು ನಮ್ಮ ಮನೆಗೆ ಬಂದರು. ಬಾಗಿಲು ತೆಗೆದವಳು ನಾನು. ಒಳಗೆ ಪಕ್ಕದ ಮನೆಯ ಹೆಂಗಸರೂ ಇದ್ದರು. ಹುಡುಗಿ ಹೊಸ್ತಿಲ ಆಚೆ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಗುರುತಿಸುವುದಾದರೂ ಹೇಗೆ? ಮುಖ ನೋಡಿದ್ದರೆ ತಾನೇ? ಅಷ್ಟರಲ್ಲಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದ ನನ್ನ ಸೊಸೆ, "ಬಾ ಪುಟ್ಟಾ ಒಳಗೆ" ಅಂದಳು. ಹುಡುಗಿ ಚಪ್ಪಲಿಯ ಸಮೇತ ಓಡಿ ಬಂದು ಅವಳನ್ನು ಅಪ್ಪಿಕೊಂಡಳು. ಪಕ್ಕದ ಮನೆಯವರು ಕಣ್ಣೊರೆಸಿಕೊಂಡರು. ನಾನು ಒರೆಸಿಕೊಳ್ಳಲಿಲ್ಲ, ಧಾರಾಳವಾಗಿ ಸುರಿಸಿದೆ.

ಆ ತಾಯಿ ಹೆಚ್ಚು ಮಾತಾಡುವವರಲ್ಲ. ಹೊರಡುವಾಗ ಮಾತ್ರ, "ಕೋರ್ಟಿನ ತಾರೀಕು ಮುಂದಕ್ಕೆ ಹೋಗಿದೆ. ಬರ್ತೀರಾ? ನೀವು ಹಿಂದೆ ಕೂತಿದ್ರೆ ಸಾಕು" ಅಂದರು.

ಹೋದೆವು, ಮೂವರೂ. ಹಿಂದಿನ ಬೆಂಚಿನಲ್ಲಿ ಹುಡುಗಿಯನ್ನು ನಡುವೆ ಕೂರಿಸಿಕೊಂಡೆವು. ಆರೋಪಿಗಳ ಕಡೆಯ ವಕೀಲರು ಆ ತಾಯಿಯನ್ನು ಬಹಳ ಹೊತ್ತು ಸುತ್ತಿಸಿದರು. ಕೊನೆಗೆ, "ನೀವು ಹೆದರಿಕೆಯಲ್ಲಿ ಯಾರದೋ ಹೆಸರು ಹೇಳ್ತಿಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ?" ಅಂದರು. ಆ ತಾಯಿ ಕಟಕಟೆಯ ಮರದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದರು: "ಹೆದರಿಸಿದ್ದು ನಿಜ ಸಾರ್. ಹೆದರಿದ್ದೂ ನಿಜ. ಹೆದರಿಕೆಗೆ ಹೇಳೋದಾಗಿದ್ರೆ ನಾನು ಇವತ್ತು ಮನೇಲಿ ಇರ್ತಿದ್ದೆ." ಆಮೇಲೆ ಬೆರಳು ತೋರಿಸಿ, ಹೊಡೆದವನು ಯಾರು ಅಂತ, ಯಾವ ಕೈಯಲ್ಲಿ ಏನು ಹಿಡಿದಿದ್ದ ಅಂತ, ಒಂದೊಂದಾಗಿ, ಅವಸರವಿಲ್ಲದೆ ಹೇಳಿದರು. ಹುಡುಗಿ ನೆಟ್ಟಗೆ ಕೂತು ಅಮ್ಮನನ್ನೇ ನೋಡುತ್ತಿದ್ದಳು. ನನ್ನ ಸೊಸೆಯ ಮುಖ ನೋಡಿದೆ. ಎಂದೂ ಜಂಬ ಪಡದ ಹೆಣ್ಣು, ಅವತ್ತು ಆ ತಾಯಿಯನ್ನು ನೋಡುತ್ತಾ ಗದ್ದ ಎತ್ತಿ ಕೂತಿದ್ದಳು.